ಅರವತ್ತೆರಡು ಜೊತೆ ಪಾದ

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಿಂದ ರುದ್ರಸ್ವಾಮಿಯ ಬೋರ್ಡ್ ಬರೆಯುವ ಅಂಗಡಿಗೆ ನಡೆದು ಬರುವಾಗ ಸರ್ವಮಂಗಳ ಟೀಚರ್ ಒಳ್ಳೆಯ ಮನಸ್ಸಿನಲ್ಲೇ ಇದ್ದಳು. ಇಂಕು ಹಾಕಿ ಮುಗಿಸಿದ ಹಾಳೆಗಳನ್ನು ನೋಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು.

"ರಾಧಾನ ಕಾಲು ಯಾಕೆ ನೆಟ್ಟಗಿದೆ?"

ರುದ್ರಸ್ವಾಮಿ ತಲೆ ತಗ್ಗಿಸಿಕೊಂಡು ಬ್ರಶ್ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆದ.

ಚುಂಚನಕಟ್ಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಾ, ಅದೇ ವಯಸ್ಸಿನವರಿಗೆಂದು ಅವಳು ಬರೆದಿದ್ದ ದೆವ್ವದ ಕಾದಂಬರಿ ಅದು. ಮೈಸೂರಿನ ಪ್ರಕಾಶಕರೊಬ್ಬರು ಅದನ್ನು ಪೂರ್ತಿ ಚಿತ್ರಗಳಲ್ಲೇ, ಕಾಮಿಕ್ಸ್ ಥರ ತರುವುದಕ್ಕೆ ಒಪ್ಪಿದ್ದರು. ಚಿತ್ರ ಬರೆಯುವ ಕೆಲಸ ರುದ್ರಸ್ವಾಮಿಯದು. ಕಥೆಯ ರಾಧಾ ದಿನಾ ಸಂಜೆ ಒಬ್ಬ ಹುಡುಗನ ಜೊತೆ ನಾಲೆ ಏರಿಯ ಮೇಲೆ ನಡೆಯುತ್ತಾಳೆ. ಕೊನೆಯ ಪುಟದಲ್ಲಿ ಅವನು ಕೆಸರು ನೋಡುತ್ತಾನೆ. ಅವನ ಹತ್ತಿರ ಬಂದವಳ ಹೆಜ್ಜೆಗಳು ದೂರ ಹೋದಂತೆ ಮೂಡಿರುತ್ತವೆ. ಓದುವ ಮಕ್ಕಳು ಗಾಬರಿಯಿಂದ ಹಿಂದಿನ ಪುಟಗಳಿಗೆ ಓಡಬೇಕು. ಲಂಗದ ಅಂಚಿನ ಕೆಳಗೆ ಆ ತಿರುಗಿದ ಪಾದ ಮೊದಲಿಂದಲೂ ಕಣ್ಣೆದುರೇ ಇತ್ತಲ್ಲ ಎಂದು ಬೆಚ್ಚಬೇಕು. ಅದಕ್ಕೇ ಅವಳು ಎರಡು ವರ್ಷ ಕೂತು ಬರೆದದ್ದು.

ಈ ಮಹಾನುಭಾವ ಅರವತ್ತೆರಡು ಚಿತ್ರಗಳಲ್ಲೂ ನೆಟ್ಟಗಿನ ಪಾದ ಬರೆದಿದ್ದ. ಅವಳು ಶನಿವಾರ ಶನಿವಾರ ಬಂದು ಪೆನ್ಸಿಲ್ ಚಿತ್ರ ನೋಡುವಾಗ, ಕಾಲು ಆಮೇಲೆ ಬರೀತೀನಿ ಅಂದಿದ್ದ. ಅವಳು ನಂಬಿದ್ದಳು.

ಕಥೆ ಓದದೇ ಬರೆದಿದ್ದೀರಿ, ಅಂಗಡಿ ಬೋರ್ಡು ಅಂದ್ಕೊಂಡ್ರಾ ಎಂದು ಚೆನ್ನಾಗಿ ಜಾಡಿಸಿದಳು.

"ಅನ್ನೊಂದು ಸಲ ಓದಿವ್ನಿ ಕಣ್ರೀ ಟೀಚರ್," ಎಂದ ಅವನು, ಕೊನೆಗೂ ತಲೆಯೆತ್ತಿ. "ಮುಖ ನೋಡ್ರಿ ಒಂದ್ಸಲ."

ಕಾಲಿನ ಸಿಟ್ಟಿನಲ್ಲಿ ಅವಳು ಮುಖವನ್ನು ಸರಿಯಾಗಿ ನೋಡೇ ಇರಲಿಲ್ಲ. ಗಲ್ಲದ ಮೇಲಿನ ಸಣ್ಣ ಗಾಯದ ಗುರುತು, ಮಾತಾಡುವಾಗ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುವ ರೀತಿ ಎಲ್ಲವೂ ತನ್ನದೇ.

"ನಿಮ್ಮನ್ನೇ ನೋಡ್ಕಂಡು ಬರ್ದೆ. ಕಾಲು ತಿರುಗ್ಸನ ಅಂದ್ರೆ, ನೀವು ನನ್ನ ಬುಟ್ಟು ಒಂಟೋದಂಗೆ ಕಾಣದು. ಕೈ ಬರ್ಲಿಲ್ಲ."

ಅವಳಿಗೆ ಸಂತೋಷ ಆಗಲಿಲ್ಲ ಎಂದರೆ ಸುಳ್ಳು. ಕಿವಿ ಬೆಚ್ಚಗಾಯಿತು. ಆದರೆ ಆ ಸಂತೋಷವೇ ಸಿಟ್ಟನ್ನು ಇಮ್ಮಡಿ ಮಾಡಿತು.

"ಇದನ್ನ ಹೇಳೋಕೆ ನಿಮಗೆ ಬಾಯಿ ಇತ್ತು. ಅದಕ್ಕೆ ನನ್ನ ಕಥೆ ಯಾಕೆ ಕೆಡಿಸಿದ್ರಿ?"

ಅವನು ಬ್ರಶ್ ಕೆಳಗಿಟ್ಟ. ತಪ್ಪಾಯ್ತು ಎಂದು ಮೆಲ್ಲಗೆ ಹೇಳಿದ. ಅವಳು ಬಿಳಿ ಬಣ್ಣದ ಬಾಟಲಿಯನ್ನು ತೆಗೆದು ಅವನ ಮುಂದೆ ಕುಕ್ಕಿದಳು. ಅವನು ಮೊದಲನೆಯ ಚಿತ್ರದ ಪಾದ ಅಳಿಸಿ, ಒಣಗುವವರೆಗೆ ಕಾದು, ಹಿಮ್ಮಡಿ ಮುಂದೆ ಬರುವಂತೆ ಬರೆದ. ಪಾದ ಸರಿಯಾಗಿ ಬಂತು, ಹೆದರಿಕೆಯಾಗುವಷ್ಟು ಸರಿಯಾಗಿ. ಮುಖ ಹಾಗೇ ಇರಲಿ ಎಂದಳು.

ಬಾಗಿಲಿನಲ್ಲಿ ಚಪ್ಪಲಿ ಮೆಟ್ಟಿಕೊಂಡವಳು ಹೊರಡಲಿಲ್ಲ. ಅವನ ಕಡೆ ತಿರುಗಿ, ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು ನಿಂತಳು.

"ಸರಿಯಾಗಿ ನೋಡ್ಕೊಳ್ಳಿ. ನನ್ನ ಕಾಲು ನೆಟ್ಟಗೇ ಇದೆ. ಬರೋ ಶನಿವಾರ ಈ ಕಾಲಲ್ಲೇ ಬರ್ತೀನಿ. ಅಷ್ಟರಲ್ಲಿ ಅವಳದು ಅರವತ್ತೆರಡೂ ತಿರುಗಿರ್ಬೇಕು."