ಬಟನ್ನಿಗೆ ಅಂಟಿದ ಹಿಟ್ಟು

೧೯೯೮ರಲ್ಲಿ ಸೊಲ್ಲಾಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಅಕ್ಕಲಕೋಟದ ವಕೀಲ ದಿಗಂಬರರು ತಮ್ಮ ಕಂಪ್ಯೂಟರ್ ತಂದರು. ಕಾರ್ ರೇಸ್ ಆಡುವಾಗ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಆರಿಹೋಗುತ್ತದಂತೆ. ಗಿರಾಕಿಗಳು ಹೇಳುವ ವೇಳೆಯನ್ನು ನಾನು ನಂಬುವುದಿಲ್ಲ. ಫ್ಯಾನು, ಪವರ್ ಸಪ್ಲೈ ಎರಡನ್ನೂ ಬದಲಿಸಿ, ಮರುದಿನ ಅಂಗಡಿಯಲ್ಲಿ ಅವರೆದುರೇ ಆಟ ಹಚ್ಚಿದೆ.

ಒಂದಕ್ಕೆ ಪರದೆ ಕಪ್ಪಾಯಿತು.

“ನಮ್ಮವ್ವ ಹೋಗಿ ಎರಡು ವರ್ಷಾತ್ರಿ,” ಎಂದರು ದಿಗಂಬರರು. “ಕರದಾಗ ಊಟಕ್ಕ ಏಳಲಿಲ್ಲಂದ್ರ, ರೊಟ್ಟಿ ಬಡಿಯೋದು ಬಿಟ್ಟು ಬಂದು ಬಟನ್ ಬಂದ್ ಮಾಡ್ತಿದ್ಲು.”

ನಾನು ಮೇಜಿನ ಹಿಂದೆ ಬಗ್ಗಿದೆ. ಗೋಡೆಯ ಬಟನ್ ಬಂದ್ ಆಗಿತ್ತು. ಒತ್ತಲು ಹೋದ ಬೆರಳಿಗೆ ನಾದಿದ ಜೋಳದ ಹಿಟ್ಟು ಅಂಟಿತು; ಇನ್ನೂ ಬಿಸಿಯಿತ್ತು.

ದಿಗಂಬರರು ಗೋಡೆಗೆ ಕೈಮುಗಿದರು. “ಅವ್ವಾ, ಇವತ್ತ ನಾ ಉಂಡೇ ಬಂದೀನಿ.”

ನಾನಿನ್ನೂ ಉಂಡಿರಲಿಲ್ಲ.