ಶಿರವಾಳದ ತಣ್ಣನೆಯ ಕಲ್ಲು

ಪರಿಮಳಾಳನ್ನು ನೋಡಲು ಭಾನುವಾರ ಗಂಡಿನ ಕಡೆಯವರು ಬರುವವರಿದ್ದರು. ಅವಳನ್ನು ಪ್ರೀತಿಸುತ್ತಿದ್ದವಳು ನಾನು. ಶಿರವಾಳದ ಹಾಳುಗುಡಿಯ ಕಲ್ಲಿಗೆ ಇಬ್ಬರು ರಕ್ತ ಹಚ್ಚಿದರೆ ಅವರನ್ನು ಯಾರೂ ಅಗಲಿಸಲಾರರೆಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಶುಕ್ರವಾರ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋದೆವು.

“ಪಂಚಶೀಲಾ, ಮೊದ್ಲು ನೀ ಚುಚ್ಕೋ,” ಎಂದು ಪಿನ್ನು ಕೊಟ್ಟಳು.

“ಕೃಷಿ ಕಾಲೇಜಿನ್ಯಾಕಿ ಇದನ್ನ ನಂಬ್ತಿ?” ಎಂದೆ.

“ನಿನ್ನ ನಂಬೇನಿ. ಇದೇನು ದೊಡ್ಡದು?”

ನಗುತ್ತಲೇ ಹೆಬ್ಬೆರಳು ಒತ್ತಿದೆವು. ಸುಡುಬಿಸಿಲಿನಲ್ಲೂ ಕಲ್ಲು ಮಣ್ಣಿನ ಕೊಡದಂತೆ ತಣ್ಣಗಿತ್ತು. ರಕ್ತ ಕಲೆಯುಳಿಸದೆ ಇಂಗಿತು.

ಭಾನುವಾರ ಪರಿಮಳಾ ಒಬ್ಬಳೇ ಚಹಾ ತಂದಿಟ್ಟಳು. ಬಂದವರು ಮಾತ್ರ, “ಹುಡುಗ್ಯಾರು ಇಬ್ಬರದಾರಲ್ರಿ. ಇವರಾಗ ನಮ್ಮಾಕಿ ಯಾರು?” ಎಂದು ಕೇಳಿ, ಬೆದರಿ ಎದ್ದುಹೋದರಂತೆ.

ಆಗ ನಾನು ಭೀಮರಾಯನಗುಡಿಯ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸೋಪಿನ ನೊರೆ ಮೆತ್ತಿದ್ದ ನನ್ನ ಕೈಗಳು ಯಾಲಕ್ಕಿ ಚಹಾದ ವಾಸನೆ ಸೂಸುತ್ತಿದ್ದವು.