ಹತ್ತು ನಿಮಿಷ ಮುಂದೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ, ಅವತ್ತಿನಂಥದ್ದನ್ನು ಎಂದೂ ಕಂಡಿಲ್ಲ.

ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. "ಅವರ ಕಂಪ್ಯೂಟರಿಗೆ ಹೊಸ ಓಎಸ್ ಹಾಕ್ಕೊಡಪ್ಪಾ, ಮಗಳಿಗೆ ಓದೋಕೆ ಬೇಕು" ಎಂದು ಅತ್ತಿಗೆ ಕರೆದಿದ್ದರು.

ಮಟಮಟ ಮಧ್ಯಾಹ್ನ. ಅಣ್ಣನ ಫೈಲುಗಳೆಲ್ಲ ಇದ್ದ ಹಳೆಯ ಡಿಸ್ಕ್ ಬಿಚ್ಚಿ ಮೇಜಿನ ಮೇಲಿನ ಪೇಪರಿನ ಮೇಲಿಟ್ಟು, ಹೊಸದನ್ನು ಕೂರಿಸಿ ಓಎಸ್ ಹಾಕಿದೆ. ಗಡಿಯಾರ ನಡೆಸುವ ಒಳಗಿನ ಸೆಲ್ಲನ್ನೂ ಬದಲಿಸಿ, ಟೈಮ್ ಸರಿಯಾಗಿಟ್ಟೆ. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು.

ಆದರೆ ಪರದೆಯ ಮೂಲೆಯ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಸರಿ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹತ್ತು ನಿಮಿಷ ಮುಂದೆ. ಮೂರು ಸಲವೂ ಅದೇ ಕಥೆ. ಕೋಣೆಯಲ್ಲಿ ಎಲ್ಲೋ ಸಣ್ಣಗೆ ಟಿಕ್ ಟಿಕ್ ಸದ್ದು.

ಟೀ ತಂದ ಅತ್ತಿಗೆ ಪರದೆ ನೋಡಿ ನಿಂತುಬಿಟ್ಟರು. "ಕೆಲಸಕ್ಕೆ ಲೇಟಾಗಬಾರ್ದು ಅಂತ ಅವರೂ ಗಡಿಯಾರ ಹೀಗೇ ಹತ್ತು ನಿಮಿಷ ಮುಂದಿಟ್ಕೋತಿದ್ರು. ನಿಂಗ್ಯಾರು ಹೇಳಿದ್ರು?"

"ನಾನಿಟ್ಟಿದ್ದಲ್ಲ ಅತ್ತಿಗೆ."

ಸದ್ದು ಪೇಪರಿನ ಕಡೆಯಿಂದ ಬರುತ್ತಿತ್ತು. ಹಳೆಯ ಡಿಸ್ಕಿನ ಮೇಲೆ ಬೆರಳಿಟ್ಟವನು ಚಟ್ಟನೆ ಕೈ ಹಿಂದಕ್ಕೆಳೆದೆ. ಎರಡು ಗಂಟೆಗಳಿಂದ ಒಂದು ತಂತಿಯೂ ಇಲ್ಲದೆ ಬಿದ್ದಿದ್ದ ಅದು ಕಾದ ಕಾವಲಿಯಂತೆ ಸುಡುತ್ತಿತ್ತು.